ಅಕ್ಕನ ಮೂಗು, ಭಾನುವಾರದ ಗ್ಲಾಸು

ನಮ್ಮ ಮನೆಯಲ್ಲಿ ಒಂದು ಮೂಗಿದೆ. ಅದರ ಹಿಂದೆ ನನ್ನ ನೆಗೆಣ್ಣಿ ಇದ್ದಾಳೆ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ‘ಅಕ್ಕ’ ಅನ್ನುತ್ತೇನೆ, ಆಕೆ ನನ್ನನ್ನು ‘ಕಾನ್ವೆಂಟು’ ಅನ್ನುತ್ತಾಳೆ. ಒಂದೇ ಒಲೆಯ ಮುಂದೆ ನಲವತ್ತು ವರ್ಷ ಕಳೆದ ಮೇಲೂ ಆಕೆಯ ಲೆಕ್ಕದಲ್ಲಿ ನಾನು ಮೊನ್ನೆ ಮೊನ್ನೆ ಕಾನ್ವೆಂಟಿನ ಸಿಸ್ಟರುಗಳ ಕೈಯಿಂದ ಬಿಡಿಸಿಕೊಂಡು ಬಂದವಳೇ!

ಅಕ್ಕ ಜೀವಮಾನದಲ್ಲಿ ಅಡುಗೆಯ ರುಚಿ ನೋಡಿಲ್ಲ. ದೇವರಿಗೆ ಎಡೆ ಹಿಡಿಯುವ ಮೊದಲು ಬಾಯಿಗೆ ಹಚ್ಚಿದರೆ ಎಂಜಲು ಎಂದು ಅತ್ತೆ ಹೇಳಿದ್ದರಂತೆ. ಅಂದಿನಿಂದ ಉಪ್ಪು, ಹುಳಿ, ಖಾರ ಎಲ್ಲದಕ್ಕೂ ಮೂಗೇ. ಸಾರಿನ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದು, “ಉಪ್ಪು ಒಂದ್ ಚಿಟಿಕಿ ಕಮ್ಮಿ ಐತಿ” ಅನ್ನುತ್ತಾಳೆ. ಉಪ್ಪಿಗೆ ವಾಸನೆ ಎಲ್ಲಿದೆ, ಹೇಳಿ! ಹಟಕ್ಕೆ ಆ ಚಿಟಿಕೆ ಹಾಕದೆ ಬಡಿಸಿ ನೋಡಿದ್ದೇನೆ. ಸರಿಯಾಗಿ ಒಂದು ಚಿಟಿಕೆ ಕಮ್ಮಿ!

ಅದಿರಿನ ಭರಾಟೆ ಶುರುವಾದ ಹೊಸತರಲ್ಲಿ ಟಿಪ್ಪರ್ ಮಾಲೀಕನೊಬ್ಬ ನಮ್ಮ ಮಹಡಿಯನ್ನು ಬಾಡಿಗೆಗೆ ಕೇಳಲು ಬಂದ. ಅಕ್ಕ ಬಾಗಿಲಲ್ಲೇ ನಿಂತು ಮೂಸಿ, ಅವನ ಎದುರಿಗೇ, “ಇವ ಸುಳ್ಳಿನ ವಾಸನಿ ಹೊಡಿತಾನ” ಅಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಅಕ್ಕಾ, ಅವರು ಸೆಂಟು ಹಾಕ್ಕೊಂಡಾರ!”

“ಅದನ್ನ ನಾನೂ ಹೇಳಿದ್ದು.”

ನನ್ನ ಗಂಡನದು ಬೇರೆಯೇ ಕಥೆ. ಅವರು ಸಂಡೂರಿನ ಗಣಿಯೊಂದರ ಆಫೀಸಿನಲ್ಲಿದ್ದವರು; ಗುಡ್ಡವನ್ನು ಇನ್ನೂ ಗುದ್ದಲಿಯಿಂದ ಅಗೆಯುತ್ತಿದ್ದ ಕಾಲ ಅದು. ಅಲ್ಲಿಗೆ ಬಂದುಹೋಗುತ್ತಿದ್ದ ಫಾರಿನ್ ಇಂಜಿನಿಯರೊಬ್ಬ ಅವರಿಗೆ ಒಂದು ವಿದ್ಯೆ ಕಲಿಸಿಬಿಟ್ಟಿದ್ದ. ಪ್ರತಿ ಭಾನುವಾರ ಹನ್ನೊಂದೂವರೆಗೆ ಒಂದು ಗ್ಲಾಸು ಜಿನ್. ಒಂದೇ ಒಂದು. ನಿಂಬೆರಸ, ಕಂಚಿಕಾಯಿಯ ಸಿಪ್ಪೆ, ಎಂಥದೋ ಎಲೆ, ಐಸು ಎಲ್ಲವನ್ನೂ ಆಫೀಸಿಗೆ ಮಜ್ಜಿಗೆ ಒಯ್ಯುತ್ತಿದ್ದ ಸ್ಟೀಲ್ ಡಬ್ಬಿಗೆ ಹಾಕಿ ಗಡಗಡ ಕುಲುಕುತ್ತಿದ್ದರು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ನನ್ನನ್ನು ಐಸು ತರಲು ಕಳಿಸುತ್ತಿದ್ದರು. ಯಾವ ಎಲೆ ಎಂದು ಕೇಳಿದರೆ, “ಟಾಪ್ ಸೀಕ್ರೆಟ್, ಮೇಡಂ!” ಆಮೇಲೆ ನನಗೊಂದು ಗುಟುಕು ಸಿಗುತ್ತಿತ್ತು.

ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇದೇನು ಸಣ್ಣ ವಿಷಯವೇ? ಆ ಹೊತ್ತಿಗೆ ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಡುಗೆಮನೆಯ ಬಾಗಿಲನ್ನು ದಡಾರನೆ ಹಾಕಿಕೊಳ್ಳುತ್ತಿದ್ದಳು. ಸೋಡಾ ಬಾಟಲಿ ಹಾಲಿನ ಪಕ್ಕದಲ್ಲಿತ್ತು ಅಂತ ಫ್ರಿಜ್ಜಿಗೆ ವಿಭೂತಿ ಬಳಿದ ಪುಣ್ಯಾತ್ಗಿತ್ತಿ ಆಕೆ!

ನನ್ನ ಗಂಡ ತೀರಿಹೋಗಿ ವರ್ಷವಾಗುತ್ತ ಬಂತು. ವರ್ಷದ ಎಡೆಗೆ ಅವರಿಗೆ ಇಷ್ಟವಾದದ್ದೆಲ್ಲ ಇಡಬೇಕಲ್ಲ, ಪಟ್ಟಿ ಬರೆಯಲು ಅಕ್ಕ ನನ್ನನ್ನು ಕೂರಿಸಿದಳು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ...

“ಮತ್ತ, ಅವನ ಐತ್ವಾರದ ಗ್ಲಾಸು. ಬರಕೊ.”

ನನ್ನ ಪೆನ್ನು ನಿಂತಿತು. “ಅಕ್ಕಾ! ಆರ್ ಯೂ ಮ್ಯಾಡ್? ಎಡಿಗೆ ಜಿನ್ ಇಡ್ತಾರೇನು ನಮ್ಮಾಗ?”

“ಅವ ಕುಡೀತಿದ್ನೋ ಇಲ್ಲೋ?”

“ಕುಡೀತಿದ್ರು.”

“ಎಡಿ ಅವಂಗೋ, ನನಗೋ?”

ಇದಕ್ಕೆ ಯಾವ ಕಾನ್ವೆಂಟಿನಲ್ಲಿ ಉತ್ತರ ಹೇಳಿಕೊಡುತ್ತಾರೆ? ಬರೆದುಕೊಂಡೆ. ಆದರೆ ನಿಜ ಹೇಳುತ್ತೇನೆ, ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಗಿತ್ತು. ಅವರ ದನಿ ನೆನಪಿದೆ, ಕೆಮ್ಮು ನೆನಪಿದೆ. ಆ ಗುಟುಕಿನ ರುಚಿ ಮಾತ್ರ ಆಗಲೇ ಮಸುಕಾಗುತ್ತಿತ್ತು. ಅಕ್ಕ ಏನೋ ಒಂದನ್ನು ಕಲಸಿಟ್ಟು, ಕೊನೆಗೆ ನನ್ನ ನಾಲಗೆಯಲ್ಲಿ ಅದೇ ಉಳಿದುಬಿಟ್ಟರೆ? ನನಗೆ ಉಳಿದಿದ್ದ ಅಷ್ಟೂ ಹೋದ ಹಾಗಲ್ಲವೇ?

ಮರುದಿನ ಇಬ್ಬರು ಮುದುಕಿಯರು ಆಟೋ ಮಾಡಿಕೊಂಡು ವೈನ್ ಶಾಪಿಗೆ ಹೋದೆವು. ಒಬ್ಬಳ ಹಣೆಯ ತುಂಬ ವಿಭೂತಿ, ಇನ್ನೊಬ್ಬಳ ಮೂಗಿನ ಮೇಲೆ ಕಪ್ಪು ಕನ್ನಡಕ. ಗುರುತು ಸಿಗದಿರಲಿ ಎಂದು ಹಾಕಿಕೊಂಡಿದ್ದೆ. ಊರಲ್ಲಿ ಕಪ್ಪು ಕನ್ನಡಕ ಹಾಕುವ ಮುದುಕಿ ನಾನೊಬ್ಬಳೇ ಅನ್ನುವುದು ಹೊಳೆದಿರಲಿಲ್ಲ. ಮೈಯೆಲ್ಲ ಕೆಂಪು ಧೂಳಿನ ಲಾರಿ ಡ್ರೈವರುಗಳು ಸಾಲಿನಲ್ಲಿ ನಿಂತಿದ್ದರು.

ಕೌಂಟರಿನವನು, “ಹಂಪಿ ಫಾರಿನರ್ಸಿಗೇನ್ರಿ, ಅಮ್ಮಾರ?” ಎಂದ.

“ಮೊದಲ ಮುಚ್ಚಳ ತಗಿ, ಮೂಸಿ ನೋಡ್ಬೇಕು,” ಎಂದಳು ಅಕ್ಕ.

“ಹಂಗೆಲ್ಲ ತಗಿಯಾಂಗಿಲ್ರಿ.”

“ಅಕ್ಕಿ ಅಂಗಡ್ಯಾಗ ಮೂಸಾಕ ಕೊಡ್ತಾರ. ನಿಂದೇನ್ ಅಕ್ಕಿಗಿಂತ ಹೆಚ್ಚಿಂದೇನೋ?”

ಹಿಂದಿದ್ದ ಡ್ರೈವರೊಬ್ಬ ನಕ್ಕು, “ಲೇ, ಅಜ್ಜಿಗೆ ಜಲ್ದಿ ಕೊಡಲೇ, ಭಾಳ ಅರ್ಜೆಂಟ್ ಐತಿ,” ಎಂದ.

ಅಕ್ಕ ತಿರುಗಿದಳು. “ನನಗಲ್ಲಪಾ, ನಮ್ಮ ಮೈದುನಗ.”

“ಅವ್ರನ್ನ ಕಳಸಬೇಕಿತ್ತಲ್ರಿ?”

“ಅವ ಸತ್ತಾನ.”

ಇಡೀ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು! ಬಾಟಲಿಯ ಮುಚ್ಚಳ ತಾನಾಗಿಯೇ ತೆರೆದುಕೊಂಡಿತು. ಅಕ್ಕ ಮೂಸಿ, “ಇದಲ್ಲ” ಅಂದಳು. ಮೂರನೆಯದಕ್ಕೆ “ಹ್ಞಾಂ” ಅಂದಳು. ನೋಡಿದರೆ ಅವರು ತರುತ್ತಿದ್ದ ಅದೇ ಬಾಟಲಿ.

ಕಂಚಿಕಾಯಿ ಕಂಪ್ಲಿಯ ನೆಂಟರ ತೋಟದಿಂದ ಬಂತು. ಆ ಸೀಕ್ರೆಟ್ ಎಲೆ ಪುದೀನವೇ ಇರಬೇಕೆಂದು ನಾನು ವಾದ ಹೂಡಿದೆ. ಕಾಕ್‌ಟೇಲ್ ಅಂದರೆ ಮಿಂಟ್, ಎಷ್ಟು ಇಂಗ್ಲಿಷ್ ಮ್ಯಾಗಝಿನ್ ಓದಿಲ್ಲ ನಾನು! ಅಕ್ಕ ಒಂದು ಥರಾ ನೋಡಿ ಕಂಚಿಕಾಯಿ ಸುಲಿಯಲು ಕೂತಳು. ನಮ್ಮ ಮಹಡಿಯ ಕುಂಡದ ಪುದೀನವನ್ನು ಮೂರು ಸಲ ತೊಳೆದರೂ ನೀರು ಚಹಾದ ಬಣ್ಣವೇ! ದಿನವಿಡೀ ಅದಿರಿನ ಲಾರಿ ಓಡಾಡುವ ರಸ್ತೆ, ಇನ್ನೇನಾಗುತ್ತದೆ? ಇದು ಕಾಕ್‌ಟೇಲ್ ಅಲ್ಲ, ರಕ್ತಹೀನತೆಗೆ ಕೊಡುವ ಕಬ್ಬಿಣದ ಟಾನಿಕ್ ಆಗುತ್ತದೆ ಎಂದೆ. ಅಕ್ಕ ನಗಲಿಲ್ಲ. ಆಕೆ ನನ್ನ ಜೋಕಿಗೆ ಎಂದೂ ನಕ್ಕವಳಲ್ಲ.

ಆಮೇಲೆ ಶುರುವಾಯಿತು ನೋಡಿ ಟ್ರಯಲ್! ಅಕ್ಕ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ದೆವ್ವ ಬಂದವಳ ಹಾಗೆ ಕುಲುಕುವುದು, ಮುಚ್ಚಳ ತೆರೆದು ಮೂಸುವುದು, “ಕಂಚಿ ಜಾಸ್ತಿ ಆತು” ಎಂದು ಚೆಲ್ಲುವುದು. ಜಗತ್ತಿನಲ್ಲಿ ಆ ರುಚಿ ಗೊತ್ತಿರುವ ಏಕೈಕ ಪ್ರಾಣಿ ಪಕ್ಕದಲ್ಲೇ ನಿಂತಿದೆ!

“ಅಕ್ಕಾ, ಪ್ಲೀಸ್, ಒಂದ್ ಸ್ಪೂನ್ ಟೇಸ್ಟ್ ಮಾಡ್ತೀನಿ.”

“ಬಾಯಿ ಹಚ್ಚೀ ನೋಡು! ಎಡಿದ ಸಾಮಾನು.”

“ಇದು ಬರೀ ಟ್ರಯಲ್ಲು!”

“ನಿಮ್ಮ ಸಿಸ್ಟರು ಸತ್ತವರಿಗೆ ಎಂಜಲಾ ಇಡ್ರಿ ಅಂತ ಕಲಿಸ್ಯಾರೇನು?”

ಏಳು ಟ್ರಯಲ್ಲುಗಳೂ ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋದವು. ಆ ತಿಂಗಳು ಗಿಡ ಎಂದಿಲ್ಲದ ಹಾಗೆ ಚಿಗುರಿತು, ಸ್ವಲ್ಪ ಒಂದು ಕಡೆ ವಾಲಿಕೊಂಡು.

ಇದರ ನಡುವೆಯೂ ಆಕೆ ಹೂವಿನವಳ ಜೊತೆಗಿನ ಭಾನುವಾರದ ಜಗಳ ತಪ್ಪಿಸಲಿಲ್ಲ. ಹೂವಿನವಳು ದೇವರಿಗೆ ಸೇವಂತಿಗೆ, ಮರುಗ ತರುತ್ತಾಳೆ. ಭಾನುವಾರ ಮಾತ್ರ ಅಕ್ಕನಿಗೆ ಮರುಗ ಒಂದು ಕಡ್ಡಿ ಹೆಚ್ಚಿಗೆ ಬೇಕು. ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ ಈ ರಂಪ! ಒಂದು ಕಡ್ಡಿ ಮರುಗಕ್ಕೆ ಬೀದಿಯೆಲ್ಲ ಎದ್ದು ಕೂರಬೇಕೇ? ಹೋಪ್‌ಲೆಸ್!

ಎಡೆಯ ದಿನ ಪೂಜೆಗೆ ಅಯ್ಯನವರು ಬಂದರು. ಬಾಳೆಲೆಯ ಪಕ್ಕದಲ್ಲಿ ಮಂಜು ಹಿಡಿದ ಗ್ಲಾಸು ಕೂತಿತ್ತು. ನಾನು ಕಂಬದ ಹಿಂದೆ ಕೂತಿದ್ದೆ.

“ಏನವ್ವಾ, ಘಮ್ ಅಂತೈತಿ?”

“ನಿಂಬಿಹಣ್ಣಿನ ಪಾನಕ ರೀ,” ಎಂದಳು ಅಕ್ಕ.

“ಬಿಸಲು ಭಾಳ ಐತಿ. ನನಗೂ ಒಂದ್ ಗ್ಲಾಸು ಕೊಡಬೇ.”

ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ! ಅಕ್ಕ ಕಣ್ಣು ಸಹ ಮಿಟುಕಿಸಲಿಲ್ಲ. “ಕೊಡಬಹುದಿತ್ರಿ. ಆದ್ರ ಇದನ್ನ ಕುಡದವರು ಇವನ ಕಡೆನ ಹೋಗಬೇಕಾಗ್ತದ, ನೋಡ್ರಿ,” ಎಂದು ನನ್ನ ಗಂಡನ ಫೋಟೋ ತೋರಿಸಿದಳು. ಅಯ್ಯನವರು ಬರೀ ನೀರು ಕುಡಿದು ಜಲ್ದಿ ಜಲ್ದಿ ಮಂತ್ರ ಮುಗಿಸಿದರು.

ಎಲ್ಲರೂ ಹೋದ ಮೇಲೆ ಅಕ್ಕ ಆ ಗ್ಲಾಸನ್ನು ತಂದು ನನ್ನ ಮುಂದೆ ಇಟ್ಟಳು.

“ಎಡಿ ಆತು. ಈಗ ಪ್ರಸಾದ. ಕುಡಿ.”

ಕಣ್ಣು ಮುಚ್ಚಿ ಒಂದು ಗುಟುಕು ತೆಗೆದುಕೊಂಡೆ.

ಅದೇ. ಮೊದಲು ನಿಂಬೆಯ ಚುರುಕು, ಆಮೇಲೆ ಕಂಚಿಯ ಕಹಿ, ಕೊನೆಯಲ್ಲಿ ಒಂದು ತಂಪು ಘಮ. ಅವರು ಐಸು ತರಲು ಕೂಗುವ ಭಾನುವಾರ. ಪುದೀನವಲ್ಲ! ಕಣ್ಣು ಬಿಟ್ಟು ನೋಡಿದೆ. ಗ್ಲಾಸಿನೊಳಗೆ ಒಂದು ಕಡ್ಡಿ ಮರುಗ ನಿಂತಿತ್ತು.

“ಅಕ್ಕಾ... ಹೆಂಗ ಗೊತ್ತು ನಿನಗ?”

“ಗೊತ್ತಿಲ್ದೇನು? ನೀ ಐಸು ತರಾಕ ಹೋದಕೂಡ್ಲೆ ನನ್ನ ದೇವರ ಬುಟ್ಟಿಗೆ ಕೈ ಹಾಕ್ತಿದ್ದ, ಕಳ್ಳ! ಮೂರು ವಾರ ದೇವರಿಗೆ ಕಮ್ಮಿ ಬಿತ್ತು. ನಾಕನೇ ವಾರದಿಂದ ಒಂದ್ ಕಡ್ಡಿ ಹೆಚ್ಚಿಗೆ ಇಸ್ಕೊಂಡು ಬುಟ್ಟಿ ಮ್ಯಾಲೇ ಇಟ್ಟೆ.”

“ಮತ್ತ ನಾ ಪುದೀನ ಪುದೀನ ಅಂತ ಬಡಕೊಳ್ಳಾಗ ಹೇಳಬಾರದಿತ್ತೇನು?”

“ಅವ ಸೀಕ್ರೆಟ್ ಅಂತಿದ್ನಲ್ಲ.”

ಸೆರಗು ಮೂಗಿಗೆ ಹೋಯಿತು. ಜಿನ್ನಿನ ವಾಸನೆಗೆ ಇರಬೇಕು ಎಂದುಕೊಂಡು ನಾನು ಆ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಹೂವಿನವಳು ಬಾಗಿಲಲ್ಲಿ ಬುಟ್ಟಿ ಇಳಿಸಿ, “ವರ್ಷದ ಎಡಿ ಮುಗೀತಲ್ರಿ ಅಮ್ಮಾ. ಇನ್ನ ಹೆಚ್ಚಿನ ಮರುಗ ಬ್ಯಾಡಲ್ರಿ?” ಎಂದು ಕೇಳಿದಳು.

ಒಳಗಿನಿಂದ ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: “ಯಾರಂದ್ರು ಬ್ಯಾಡಂತ? ಇಡು ಇಲ್ಲಿ! ಕಾನ್ವೆಂಟಿನಾಕಿ ಇನ್ನಾ ಅದಾಳ ಮನ್ಯಾಗ.”