ಮೊಲಗಳಿಗೊಂದು ಉಪಚಾರ ಯಂತ್ರ

ಕಸ್ತೂರಿ ಮೊಲಗಳ ಮೇವಿಗೆಂದು ತಂದ ಕುದುರೆಮಸಾಲೆ ಸೊಪ್ಪಿನೊಳಗಿನ ಕೊಳೆತ ಎಲೆಗಳನ್ನು ಆರಿಸಿ ಆಚೆ ಹಾಕುತ್ತಿದ್ದಳು. ಅರ್ಧ ಹೊರೆ ಮುಗಿದಿತ್ತು. ಮೊನ್ನೆಯಷ್ಟೇ ತಾಯಿಯ ಹಾಲು ಬಿಟ್ಟ ಮರಿಗಳು ಪಂಜರದ ಜಾಲರಿಗೆ ಮೂಗು ಚುಚ್ಚಿಕೊಂಡು ಅವಳ ಕೈಯನ್ನೇ ನೋಡುತ್ತಿದ್ದವು. ಹಾಲು ಬಿಟ್ಟ ಈ ವಾರ ದಾಟಿದರೆ ಮರಿ ಬದುಕಿದಂತೆ. ಹೊಟ್ಟೆ ಕೆಟ್ಟಿತೋ, ಬೆಳಗಾಗುವುದರೊಳಗೆ ಕಾಲು ಚಾಚಿರುತ್ತದೆ. ಹಿಂದಿನ ಸಲ ಹಾಗೇ ಕಳೆದುಕೊಂಡಿದ್ದಳು. ಮನೆಯವರಿಗೆ ಅವು ಬರಿಯ ಮೊಲಗಳು. ಅವಳು ಶೆಡ್ಡಿನ ಹಿಂದೆ ನಿಂತು, ಕಣ್ಣಿಗೆ ಧೂಳು ಬಿದ್ದವಳಂತೆ ಸೆರಗಿನಿಂದ ಒರೆಸಿಕೊಂಡು ಒಳಗೆ ಹೋಗಿದ್ದಳು. ಈ ಸಲ ಒಂದು ಮರಿಯನ್ನೂ ಬಿಟ್ಟುಕೊಡಬಾರದು.

ಅಷ್ಟರಲ್ಲಿ ಗಂಡ ಪರಸಪ್ಪ ಏನನ್ನೋ ಗಡಗಡ ತಳ್ಳಿಕೊಂಡು ಬಂದ.

"ಕಸ್ತೂರಿ, ಹುಲ್ಲು ಒಗಿ ಅತ್ತಾಗ! ಇನ್ನ ನೀ ಮೊಲಕ್ಕ ಮೇವು ಹಾಕೂದ ಬ್ಯಾಡ!"

"ನಾ ಹಾಕಲಿಲ್ಲಂದ್ರ ಏನು ತಿಂತಾವ್ರಿ? ನಿಮ್ಮ ನಟ್ಟು, ಬೋಲ್ಟು?"

ಬೆಟಗೇರಿಯ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡಿ ಮುಗಿಸಿದ ಮೇಲೆ ಪರಸಪ್ಪ ಮನೆಯನ್ನು ರಿಪೇರಿ ಮಾಡಲು ಹಿಡಿದಿದ್ದ. ಅವನ ರೊಟ್ಟಿ ತಿರುವುವ ಫ್ಯಾನು ರೊಟ್ಟಿಗಳನ್ನು ಪಕ್ಕದ ಮನೆಯ ಮಾಬೂಬಿಯ ಹೆಂಚಿನ ಮೇಲೆ ಎಸೆದು ಇನ್ನೂ ತಿಂಗಳಾಗಿರಲಿಲ್ಲ. ಈಗ ನಿಂತಿದ್ದ ಯಂತ್ರಕ್ಕೆ ಹಳೆಯ ವಾಷಿಂಗ್ ಮಷೀನಿನ ಹೊಟ್ಟೆ, ಮಗ್ಗದ ಉದ್ದನೆಯ ತೋಳು, ತೋಳಿನ ತುದಿಗೆ ಸೌಟು, ನೆತ್ತಿಯಲ್ಲಿ ಕ್ಯಾಮೆರಾದ ಒಂಟಿ ಕಣ್ಣು!

"ಪ್ರೋಟೀನ್ ಕಡಿಮಿ ಆದ್ರ ಮರಿ ಬೆಳೆಯಂಗಿಲ್ಲ. ಹೌದಿಲ್ಲೋ?"

"ಹೌದು. ಹೆಚ್ಚಾದ್ರ ಉಚ್ಚಿಕೊಂಡು ಸಾಯ್ತಾವು."

"ಅದಕ್ಕ ಇದು! ಶೇಂಗಾ ಹಿಂಡಿ ಹಾಕಿದ್ರ ಅದರೊಳಗಿನ ಸತ್ವ ಅಷ್ಟ ತಗೀತೈತಿ. ಯಾವ ಮೊಲಕ್ಕ ಎಷ್ಟು ಸಾಕು ಅಂತ ಮುಖ ನೋಡಿ ತಿಳಕೋತೈತಿ!"

"ಇದಕ್ಕ ಕಲಿಸಿದವರು ಯಾರು?"

"ಮತ್ಯಾರು? ನಮ್ಮವ್ವ!"

ಕಸ್ತೂರಿ ಆ ಒಂಟಿ ಕಣ್ಣನ್ನು ಈಗ ಗುರುತು ಹಿಡಿದಳು. ಅಡಿಗೆಮನೆಯ ತೊಲೆಗೆ ಇದನ್ನು ಅಷ್ಟು ದಿನ ತೂಗುಹಾಕಿದ್ದು ಇದಕ್ಕೋ! ಅತ್ತೆ ಗೋದವ್ವನ ಉಪಚಾರ ಓಣಿಗೇ ಗೊತ್ತು. ಅವರ ಪಂಕ್ತಿಯಲ್ಲಿ 'ಸಾಕು' ಎಂದರೆ ಇನ್ನೊಂದು ರೊಟ್ಟಿ ಹಾಕಿ ಎಂದರ್ಥ. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ ಸುರಿಯಬೇಕೆಂದರ್ಥ. ಮುಖ ತಿರುಗಿಸಿದವರು ಸಂಕೋಚದವರು, ಅವರಿಗೆ ಎರಡು ಪಾಲು!

ಅವಳು ಬಾಯಿ ತೆರೆಯುವಷ್ಟರಲ್ಲಿ ಪರಸಪ್ಪ ಸ್ವಿಚ್ಚು ಒತ್ತಿದ್ದ.

ಮೊದಲ ಪಂಜರದ ದೊಡ್ಡ ಗಂಡುಮೊಲ ಒಂದು ಸೌಟು ತಿಂದಿತು, ನೋಡನೋಡುತ್ತಲೇ ಒಂದು ಗೇಣು ಉಬ್ಬಿತು. ಪರಸಪ್ಪ ಕುಣಿದ. ಹೊಟ್ಟೆ ತುಂಬಿದ ಮೊಲ ಮುಖ ತಿರುಗಿಸಿತು. ಯಂತ್ರದ ಹೊಟ್ಟೆಯಿಂದ ಥೇಟ್ ಗೋದವ್ವನ ದನಿ ಹೊರಟಿತು: "ಏನೂ ತಿಂದಽ ಇಲ್ಲಲ್ಲೋ ನನ ಕೂಸ! ಇನ್ನೊಂಚೂರು!"

ಸೌಟಿನ ಮೇಲೆ ಸೌಟು! ಮೊಲ ಬೆನ್ನು ತಿರುಗಿಸಿದರೆ ಯಂತ್ರ ಇನ್ನಷ್ಟು ಗಟ್ಟಿ ಸತ್ವ ಹಿಂಡುತ್ತಿತ್ತು. ದೊಡ್ಡ ಮೊಲಗಳೆಲ್ಲ ಪಂಜರ ತುಂಬಿಕೊಂಡು, ಡಬ್ಬಿಯಲ್ಲಿ ಉಬ್ಬಿದ ಬ್ರೆಡ್ಡಿನಂತೆ ಚೌಕಾಕಾರವಾದವು.

ಗೋಡೆಯಾಚೆಯಿಂದ ಮಾಬೂಬಿ ಇಣುಕಿದಳು. "ಯವ್ವಾ! ಪರಸಪ್ಪಣ್ಣ, ಮೊಲಕ್ಕ ಅಂಚು ಯಾಕ ಬಂದಾವು?"

ಯಂತ್ರ ಮರಿಗಳ ಪಂಜರದತ್ತ ಹೊರಳಿತು.

"ಬಂದ್ ಮಾಡ್ರಿ!" ಕಸ್ತೂರಿ ಚೀರಿದಳು. "ಮರಿ ಸಾಯ್ತಾವ್ರಿ! ಬಂದ್ ಮಾಡ್ರಿ!"

ಪರಸಪ್ಪ ಸ್ವಿಚ್ಚಿಗೆ ಕೈ ಹಾಕಿದ. ಒಂಟಿ ಕಣ್ಣು ಅವನನ್ನು ಗುರುತಿಸಿತು. "ಎಷ್ಟು ಸೊರಗಿಯೋ ಪರಸ್ಯಾ!" ಎಂದು ಸೌಟು ಅವನ ಬಾಯಿಗೇ ಬಂತು.

"ಸಾಕು!" ಎಂದ ಪರಸಪ್ಪ. ಇನ್ನೊಂದು ಸೌಟು.

"ಸಾಕಂದ್ನೆಲ್ಲ!" ಎರಡು ಸೌಟು. ಅವನ ಅಂಗಿಯ ಗುಂಡಿಗಳು ಹಾರಿದವು, ಮೀಸೆ ಬೆಳೆದು ಕಿವಿ ದಾಟಿತು.

ಗದ್ದಲಕ್ಕೆ ಗೋದವ್ವ ಹೊರಬಂದರು. "ಸರೀರಿ ಎಲ್ಲಾರೂ. ನನ್ನ ಕಡೆ ಕಲ್ತದ್ದು, ನನ್ನ ಮಾತು ಕೇಳತೈತಿ" ಎಂದು ಮುಂದೆ ನಡೆದರು. ಕೇಳಲಿಲ್ಲ! ಎಪ್ಪತ್ತು ದಾಟಿದ ಅವರ ತುರುಬು ಬಿಚ್ಚಿ, ಜಡೆ ಮೊಣಕಾಲಿಗೆ ಇಳಿಯುವವರೆಗೂ ಬಡಿಸಿತು. "ಒಲ್ಲೆನೋ ನಮ್ಮಪ್ಪಾ!" ಎಂದು ಅವರು ಕೈ ಮುಗಿದರೆ ಅದನ್ನೂ ಸಂಕೋಚವೆಂದೇ ತಿಳಿಯಿತು. ಬಿಡಿಸಲು ಗೋಡೆ ಹಾರಿ ಬಂದ ಮಾಬೂಬಿಗೂ ಪಾಲು ಸಿಕ್ಕಿತು. ಹೇಗೂ ಗೋದವ್ವನ ಪಂಕ್ತಿಯಲ್ಲಿ ಉಂಡ ನೆರೆಯವಳು, ಖಾಲಿ ಬಾಯಲ್ಲಿ ಕಳಿಸುವುದುಂಟೆ?

ಮೂವರನ್ನೂ ತೃಪ್ತಿಪಡಿಸಿದ ಸೌಟು ಮರಿಗಳ ಪಂಜರದ ಬಾಗಿಲು ತೆರೆಯಿತು. ಮರಿಗಳು ಮೂಲೆಗೆ ಒತ್ತಿಕೊಂಡು ಒಟ್ಟಿಗೆ ಮುಖ ತಿರುಗಿಸಿದವು.

ಕಸ್ತೂರಿ ಏನನ್ನೂ ಯೋಚಿಸದೆ ನಡುವೆ ನುಗ್ಗಿದಳು. ಬಾಯಿ ಬಿಗಿಹಿಡಿದು, ಸೌಟಿಗೆ ಕಾದು ಕಣ್ಣು ಮುಚ್ಚಿದಳು. ಸೌಟು ಬರಲಿಲ್ಲ. ಕಣ್ಣು ತೆರೆದರೆ, ಯಂತ್ರದ ತೋಳು ಅವಳ ನೆತ್ತಿಯ ಮೇಲಿಂದ ಹಾದು ಪಂಜರಕ್ಕೆ ಹೋಗುತ್ತಿದೆ! ಅವಳು ಎಡಕ್ಕೆ ಸರಿದಳು, ಅದು ಬಲಕ್ಕೆ ಸುತ್ತಿ ಬಂತು. ಕಂಬವನ್ನು ಬಳಸಿ ಹೋಗುವಂತೆ. ಒಂಟಿ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ.

ಅವಳಿಗೆ ತಿಳಿಯಿತು. ಆ ಕಣ್ಣು ಕಲಿತ ಅಷ್ಟೂ ದಿನ ಅವಳು ಒಲೆಯ ಮುಂದಿದ್ದಳು. ಎಲ್ಲರೂ ಉಂಡೆದ್ದು, ಪರಸಪ್ಪ ಆ ಕಣ್ಣನ್ನು ಆರಿಸಿದ ಮೇಲೆಯೇ ಅವಳ ಊಟ. ಯಂತ್ರದ ಪಾಲಿಗೆ ಉಣ್ಣುವ ಜನರ ಪೈಕಿ ಅವಳಿರಲಿಲ್ಲ. ಅವಳು ಒಲೆಯದೇ ಒಂದು ಭಾಗ.

ಕಸ್ತೂರಿ ನೆಟ್ಟಗೆ ನಡೆದು ಹೋಗಿ, ಯಾರ ಅಡ್ಡಿಯೂ ಇಲ್ಲದೆ, ವೈರು ಕಿತ್ತಳು. ಸೌಟು ಒಂದು ಮರಿಯ ಮೂಗಿನ ಮುಂದೆ ನಿಂತಿತು.

ಸಂಜೆಯವರೆಗೆ ಅವಳು ಮರಿಗಳನ್ನು ಒಂದೊಂದಾಗಿ ಮಡಿಲಿಗೆ ತೆಗೆದುಕೊಂಡು ಹೊಟ್ಟೆ ಸವರಿ ನೋಡಿದಳು. ಒಂದರ ಹೊಟ್ಟೆಯೂ ಉಬ್ಬಿರಲಿಲ್ಲ. ಒಣಹುಲ್ಲು ಹಾಕಿದಳು, ಕಚಕಚ ತಿಂದವು. ಪಂಜರ ಕತ್ತರಿಸಿ ಹೊರತೆಗೆದ ಚೌಕದ ಮೊಲಗಳು ಅಂಗಳದಲ್ಲಿ ಸಾಲಾಗಿ ಕೂತಿದ್ದವು. ಗೋದವ್ವ ಮಣೆಯೆಂದು ತಿಳಿದು ಒಂದರ ಮೇಲೆ ಕೂತು ಜಡೆ ಸುತ್ತಿಕೊಳ್ಳುತ್ತಿದ್ದರು.

"ನಿನಗ ಯಾಕ ತಿನ್ನಸಲಿಲ್ಲ ಅದು?" ಪರಸಪ್ಪ ಮೀಸೆಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಕೇಳಿದ.

"ನನಗೇನು ಗೊತ್ತು?"

"ಅಲ್ಲೇ ಏನೋ ದೋಷ ಐತಿ. ನಾಳೆ ಮತ್ತ ಅಡಿಗಿಮನ್ಯಾಗ ತೂಗಹಾಕ್ತೇನಿ. ಮೊದಲಿಂದ ಕಲೀಲಿ!"

ಕಸ್ತೂರಿ ಮರಿಗಳ ಪಂಜರದ ಬಾಗಿಲು ಹಾಕಿದಳು. ನಾಳೆ ಮೊಲದ ಶೆಡ್ಡಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಕಣ್ಣಿನ ಎದುರಿಗೇ ಮೊದಲ ಪಂಕ್ತಿಯಲ್ಲಿ ತಾಟು ಹಾಕಿಕೊಂಡು ಕೂರುವುದೆಂದು ಅವಳು ಅಲ್ಲೇ ನಿರ್ಧರಿಸಿದಳು. ಯಾರಿಗೂ ಹೇಳಲಿಲ್ಲ. ಆಮೇಲೆ ಯಂತ್ರ ತನ್ನನ್ನೂ ಉಣ್ಣುವವರ ಪೈಕಿ ಎಣಿಸುತ್ತದೆಂಬುದು, ಅಡ್ಡಿಯಿಲ್ಲದೆ ಹೋಗಿ ವೈರು ಕೀಳಲು ಮನೆಯಲ್ಲಿ ಯಾರೂ ಉಳಿಯುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.