ಹಣ್ಣು ನುಂಗಿದ ಅಂಕಿ

ವನಿತಾ ಟೀಚರ್ ಬರೆದುಕೊಟ್ಟಿದ್ದ ಚೀಟಿಯ ಮೇಲೆ ಚೀಲದಲ್ಲಿದ್ದ ರಸಬಾಳೆಹಣ್ಣು ಅಪ್ಪಚ್ಚಿಯಾಗಿತ್ತು. ಫೋನ್ ನಂಬರಿನ ಒಂಬತ್ತು ಅಂಕಿ ಉಳಿದಿದ್ದವು. ಕೊನೆಯದನ್ನು ಹಣ್ಣು ನುಂಗಿತ್ತು.

ನಂಜನಗೂಡಿನ ಹೈಸ್ಕೂಲಿನ ಗಣಿತದ ಮೇಷ್ಟ್ರು ಅಮೃತೇಶ್‌ಗೆ ಮೂವತ್ತೊಂಬತ್ತು ತುಂಬಿದರೂ ಮದುವೆಯಾಗಿರಲಿಲ್ಲ. ಹಿಂದಿನ ದಿನ ಟಿ. ನರಸೀಪುರದ ತರಬೇತಿಯಲ್ಲಿ ಪಕ್ಕ ಕೂತಿದ್ದ ಸೋಸಲೆಯ ವನಿತಾ ಟೀಚರ್, ಹೊರಡುವಾಗ ಆ ಚೀಟಿ ಕೊಟ್ಟು, “ತಪ್ಪದೆ ಫೋನ್ ಮಾಡಿ ಸಾರ್. ಒಂಬೈನೂರು ಕೋಟಿ ದಾಟಿದ ಸಂಖ್ಯೆ, ಆದ್ರೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತೆ!” ಎಂದು ನಕ್ಕಿದ್ದರು. ಆ ನಗುವಿನ ಗುಂಗಿನಲ್ಲಿ ಅವನು ಬಸ್ ಇಳಿಯುವುದನ್ನೇ ಮರೆತು ಡಿಪೋ ಸೇರಿದ್ದ.

ಸ್ಟಾಫ್ ರೂಮಿನ ಕಿಟಕಿಯ ಬೆಳಕಿಗೆ ಚೀಟಿ ಹಿಡಿದು ನೋಡುತ್ತಿದ್ದವನ ಬೆನ್ನಿಗೆ ಪಿ.ಟಿ. ಮೇಷ್ಟ್ರು ರಾಜೇಂದ್ರ, ಕನ್ನಡದ ಗುರುಬಸಮ್ಮ ಬಂದು ನಿಂತರು.

“ಸೊನ್ನೆಯಿಂದ ಒಂದೊಂದೇ ಒತ್ತಿ ಸಾ. ಹತ್ತು ಸಲ ಆಯ್ತದೆ, ಅಷ್ಟೇಯ,” ಅಂದ ರಾಜೇಂದ್ರ.

“ಒಂಬತ್ತು ಜನರ ಹತ್ರ ಬೈಸ್ಕೊಳ್ಳಲಾ? ಲೆಕ್ಕ ಇದೆಯಲ್ರೀ! ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾದ್ರೆ ಸಂಖ್ಯೆಯೂ ಆಗುತ್ತೆ.”

ಅಮೃತೇಶ್ ಉಳಿದ ಅಂಕಿಗಳನ್ನು ಕೂಡಿದ. ನಲವತ್ತೈದು. ಮುಖ ಗಾಳಿ ಹೋದ ಸೈಕಲ್ ಟ್ಯೂಬಿನಂತಾಯಿತು. “ಆಗಲೇ ಭಾಗವಾಗ್ತಿದೆ. ಕೊನೇದು ಸೊನ್ನೆಯೂ ಇರಬಹುದು, ಒಂಬತ್ತೂ ಇರಬಹುದು.”

“ಯಾವ್ದೋ ಒಂದು ಒತ್ತಿ ಮೇಷ್ಟ್ರೇ, ಶುಭ ಕೆಲಸ,” ಎಂದು ಗುರುಬಸಮ್ಮ ತಾವೇ ಸ್ಪೀಕರ್ ಹಾಕಿದರು.

ಸೊನ್ನೆ ಒತ್ತಿದ. ಅತ್ತ ಫೋನ್ ಎತ್ತಿದ್ದೇ ತಡ, ಕಣ್ಣು ಮುಚ್ಚಿ, “ನಿಮ್ಮ ಧ್ವನಿ ಕೇಳದೆ ತಿಂಡಿನೇ ಸೇರಲಿಲ್ಲ ಕಣ್ರೀ,” ಅಂದುಬಿಟ್ಟ.

“ಯಾರ್ಲಾ ಅದು? ನಂಗೆ ಎಪ್ಪತ್ತೆರಡು ವರ್ಸ ಕಣ್ಲಾ!” ಗಡಸು ಗಂಡುದನಿ.

ಕೆಂಡ ಮುಟ್ಟಿದವನಂತೆ ಕಟ್ ಮಾಡಿದ. ರಾಜೇಂದ್ರ ಬೆಂಚಿನ ಮೇಲೆ ಹೊರಳಾಡಿ ನಕ್ಕ. ಅಮೃತೇಶ್ ಫೋನ್ ಹಿಡಿದುಕೊಂಡು ಬೇವಿನ ಮರದಡಿಗೆ ಓಡಿ ಒಂಬತ್ತು ಒತ್ತಿದ.

“ಹಲೋ?”

ಅವರೇ! “ನಾನು... ಅಮೃತೇಶ್. ನಂಜನಗೂಡು.” ಬಸ್ಸಿನಲ್ಲಿ ಉರುಹಚ್ಚಿದ್ದ ಮಾತೆಲ್ಲ ಆವಿಯಾಗಿತ್ತು.

“ಅಯ್ಯೋ ಸಾರ್! ನನ್ನ ನಂಬರ್ ನಿಮಗೆ ಹೇಗೆ ಸಿಕ್ತು?”

“ನೀವೇ ಕೊಟ್ರಲ್ಲ?”

“ನಾನು ಕೊಟ್ಟಿದ್ದು ಕೊನೇಲಿ ಸೊನ್ನೆ ಇರೋದು ಸಾರ್, ನಮ್ಮ ಅಪ್ಪಂದು. ಇಬ್ಬರೂ ಒಂದೇ ದಿನ ಸಿಮ್ ತಗೊಂಡ್ವಿ, ಕೊನೇ ಅಂಕಿ ಮಾತ್ರ ಬೇರೆ. ರಿಟೈರಾದ ಮೇಲೆ ಅವರಿಗೆ ದೊಡ್ಡ ದೊಡ್ಡ ಸಂಖ್ಯೆ ಭಾಗಿಸೋದೇ ಹುಚ್ಚು. ನಿಮ್ಮಂಥೋರು ಮಾತಿಗೆ ಸಿಕ್ಕಿದ್ರೆ ಖುಷಿಯಾಗ್ತಾರೆ ಅಂತ ಕೊಟ್ಟೆ. ಪಾಪ, ಕಾಯ್ತಾ ಇದಾರೆ. ಈಗಲೇ ಮಾಡ್ತೀರಾ?” ಅತ್ತ ಕ್ಲಾಸಿನ ಗಂಟೆ ಕೇಳಿಸಿತು. ಫೋನ್ ಇಟ್ಟರು.

ಈಗ ದಿನಾ ಸಂಜೆ ಐದೂವರೆಗೆ ವನಿತಾ ಟೀಚರ್ ಅಪ್ಪ ಚೆಲುವಯ್ಯನವರ ಫೋನು ಬರುತ್ತದೆ. ಮೊದಲ ದಿನ ಕೇಳಿದ್ದನ್ನು ಅವರು ಮರೆತರೋ, ಮರೆತಂತಿದ್ದಾರೋ ತಿಳಿಯದು. ಹನ್ನೆರಡು ಅಂಕಿಯ ಸಂಖ್ಯೆ ಹೇಳಿ, “ಏಳರಿಂದ ಓಯ್ತದಾ ಮೇಷ್ಟ್ರೇ?” ಅನ್ನುತ್ತಾರೆ. ಅಮೃತೇಶ್ ಬೇಕೆಂದೇ ನಿಧಾನವಾಗಿ ಭಾಗಿಸುತ್ತಾನೆ, ಅತ್ತ ಮನೆಯೊಳಗಿನಿಂದ ಆ ಧ್ವನಿ “ಅಪ್ಪಾ, ಕಾಫಿ” ಅನ್ನುವವರೆಗೂ.