ಕೋಡಂಗಿಯ ಚೆಕ್ ದಿಗ್ವಿಜಯ

ದ್ವಾಪರವು ಮುಗಿದು, ಕಲಿಯುಗವು ಬಲಿತು, ಅಂಗೈಯಗಲದ ಗಾಜನ್ನು ಬೆರಳಿನಿಂದ ತೀಡಿದವರೆಲ್ಲ ಸಕಲವಿದ್ಯಾಪಾರಂಗತರೆಂದು ತಮ್ಮನ್ನು ತಾವೇ ಒಪ್ಪಿಕೊಂಡಿದ್ದ ಪುಣ್ಯಕಾಲದಲ್ಲಿ, ನಾಗಮಂಗಲ ಸೀಮೆಯ ಹೊನ್ನಗೆರೆಯೆಂಬ ಗ್ರಾಮದಲ್ಲಿ, ಮೌನಾರಾಧಕನೂ ಸ್ನಾತಕೋತ್ತರಪದವೀಭೂಷಿತನೂ ಪಂಚಮತರಗತಿಭಾಷಣಭಗ್ನನೂ ಆದ ಕಾಳಿಂಗಾಚಾರಿಯೆಂಬ ವೀರನಿದ್ದನು. ಕೇಳುವ ವ್ಯವಧಾನವಿದ್ದವರು ಕೇಳಿ, ಇಲ್ಲದವರು ಕೇಳಿದಂತೆ ತಲೆಯಾಡಿಸಿ. ಈ ಕಥೆಗೆ ಎರಡೂ ಸಾಕು.

ಐದನೆಯ ತರಗತಿಯಲ್ಲಿ ಆಗಸ್ಟ್ ಹದಿನೈದರ ಭಾಷಣಕ್ಕೆ ನಿಂತವನು ‘ಮಾನ್ಯ ಮುಖ್ಯೋಪಾಧ್ಯಾಯರೇ’ ಎಂಬಲ್ಲಿಗೆ ಬತ್ತಿಹೋಗಿದ್ದನು. ಆ ಮಹಾಪರಾಜಯದ ನಂತರ ಮನೆತನದ ಸೂತ್ರದ ಗೊಂಬೆಯಾಟದ ಕರಿಪರದೆಯ ಹಿಂದೆ ಸೇರಿಕೊಂಡು, ಮಾತಿಲ್ಲದ ಗೊಂಬೆಗಳನ್ನಷ್ಟೇ ಆಡಿಸುತ್ತ ಬಂದನು. ಕುದುರೆ ಅವನದು, ಜಿಂಕೆ ಅವನದು, ಹಾವು ಅವನದು. ಏಕೆಂದರೆ ಆ ಮೇಳದಲ್ಲಿ ದಾರ ಹಿಡಿದವನೇ ಗೊಂಬೆಯ ಮಾತನ್ನೂ ಆಡಬೇಕು, ಕಾಲಿಗೆ ಗೆಜ್ಜೆ ಕಟ್ಟಿ ಗೊಂಬೆಯ ಹೆಜ್ಜೆಯನ್ನೂ ಹಾಕಬೇಕು. ಆದರೂ ಅವನ ಕಣ್ಣು ಒಂದು ಗೊಂಬೆಯ ಮೇಲಿತ್ತು. ಆಟದ ಮೊದಲಿಗೆ ಬಂದು ಜನರನ್ನು ಮಾತಾಡಿಸುವ ಕೋಡಂಗಿ. ಅದನ್ನು ಕೆತ್ತಿದವನೂ ಆಡಿಸುತ್ತಿದ್ದವನೂ ಅವನ ಅಪ್ಪ. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ದಾರದ ತುದಿಗಳಲ್ಲಿ ಆ ಬೆರಳುಗಳ ಬೆವರು ಇನ್ನೂ ಕಪ್ಪಗೆ ಉಳಿದಿತ್ತು.

ಹೀಗಿರಲು ಚೆಕ್ ದೇಶದ ಗಡಿಪಟ್ಟಣವೊಂದರ ಗೊಂಬೆಯಾಟದ ಉತ್ಸವದಿಂದ ಓಲೆ ಬಂದಿತು. ಮೇಳದ ಯಜಮಾನನಾದ ದೊಡ್ಡಪ್ಪ ಮೊಗಣ್ಣಾಚಾರಿ ಸಭೆ ಕರೆದನು.

“ನೋಡ್ರಪ್ಪಾ, ಸುರುವಿಗೆ ಕೋಡಂಗಿ ಅಲ್ಲಿ ಮಕ್ಳ ಕೂಡ ಅವರ ಮಾತ್ನಲ್ಲೇ ನಾಕು ಮಾತಾಡ್ಬೇಕಂತೆ. ಯಾರು ಕಲ್ತ್ಕತ್ತಾರೋ ಅವರ ಕೈಗೆ ಕೋಡಂಗಿ.”

ಮೃದಂಗದ ಹಿಂದಿನಿಂದ ಎದ್ದವನು ಕಾಳಿಂಗನ ತಂಗಿಯ ಗಂಡ, ಅಖಂಡವಾಚಾಳಕುಲತಿಲಕನಾದ ಚೆಲುವಾಚಾರಿ. ಅವನು ತೊಡೆ ತಟ್ಟಿ, ರಾಕ್ಷಸನ ಗೊಂಬೆಗೆ ಕೊಡುವ ಧ್ವನಿಯನ್ನು ತನಗೇ ಕೊಟ್ಟುಕೊಂಡನು. “ಎಲವೋ ಚೆಕ್ ಭಾಷೆಯೇ, ವಿಮಾನವು ನೆಲ ಬಿಡುವ ಮುನ್ನ ನಿನ್ನ ಜುಟ್ಟು ನನ್ನ ಮುಷ್ಟಿಯಲ್ಲಿ ಇಲ್ಲದಿದ್ದರೆ ಈ ಮೃದಂಗವನ್ನು ಒಲೆಗೆ ಇಡುವೆನು.” ಆಮೇಲೆ ಮಾಮೂಲಿ ಧ್ವನಿಯಲ್ಲಿ, “ನಾಕು ದಿನ ಸಾಕು ಮಾವ. ನಮ್ ಭಾವ ಬೇಡ ಬುಡಿ. ಅವ್ರು ಕನ್ನಡಾನೇ ಇನ್ನೂ ಪೂರ್ತಿ ಬಳಸಿಲ್ಲ,” ಎಂದನು.

ಕಾಳಿಂಗನು ತನ್ನ ಕುದುರೆಯ ದಾರಗಳನ್ನು ಸುತ್ತಿಟ್ಟನು. ಅದನ್ನು ಸಭೆಯು ಸಮ್ಮತಿಯೆಂದು ತಿಳಿಯಿತೋ ಶರಣಾಗತಿಯೆಂದು ತಿಳಿಯಿತೋ, ಅವನಿಗೂ ಗೊತ್ತಾಗಲಿಲ್ಲ.

ಆದರೆ ಮರುದಿನದ ಸಂಜೆಯಿಂದ ತಾರಸಿಯ ಮೇಲೆ ಘೋರ ತಪಸ್ಸು ಆರಂಭವಾಯಿತು. ಮೊಬೈಲಿನೊಳಗಿನ ಅದೃಶ್ಯಗುರುಮಾತೆಯು ನುಡಿದದ್ದನ್ನು ಅವನು ಮರುನುಡಿಯಬೇಕು. ತಪ್ಪಿದರೆ ಆಕೆ ಬೇಸರವಿಲ್ಲದೆ ಮತ್ತೆ ನುಡಿಯುವಳು, ಆ ಬೇಸರವಿಲ್ಲದಿರುವಿಕೆಯೇ ಅವನಿಗೆ ಅವಮಾನ. ರಕಾರವನ್ನೂ ಝಕಾರವನ್ನೂ ಒಂದೇ ದವಡೆಗೆ ಹಾಕಿ ಅಗಿದಂತಿದ್ದ ದುರುಳಾಕ್ಷರವೊಂದು ಒಂಬತ್ತು ದಿನ ಅವನ ನಾಲಗೆಯನ್ನು ಸೆರೆಯಿಟ್ಟಿತು. ಹತ್ತನೆಯ ದಿನ ರೋಸಿ, ಕಾಲಿಗೆ ಗೆಜ್ಜೆ ಕಟ್ಟಿ ನೆಲಕ್ಕೆ ಬಡಿದನು. ಆಗ ಮಾತು ಬಂದಿತು. ಮೂರು ಹೆಜ್ಜೆಗೆ ‘ದೊಬ್ರೀ ದೆನ್, ದ್ಯೆತಿ’, ಅಂದರೆ ನಮಸ್ಕಾರ ಮಕ್ಕಳೇ. ಐದು ಹೆಜ್ಜೆಗೆ, ನಾನು ಕೋಡಂಗಿ. ಏಳು ಹೆಜ್ಜೆಗೆ, ಬಹಳ ದೂರದಿಂದ ಬಂದಿದ್ದೇನೆ. ಕೊನೆಗೆ ಒಂದು ಗಿರಕಿ ಹೊಡೆದು, ನನ್ನ ಮಾತು ಕೇಳಿಸುತ್ತಿದೆಯೇ?

“ಅಣ್ಣಾ, ಎಲ್ಲಾರ ಕುಣಿ, ಒಣಗಾಕಿರೋ ಮೆಣಸಿನಕಾಯಿ ಮೇಲೆ ಮಾತ್ರ ಕುಣೀಬ್ಯಾಡ,” ಎಂದು ತಂಗಿ ಮಂಗಳಿ ಮೆಟ್ಟಿಲಿನಿಂದ ಕೂಗಿದಳು. “ಮನೆ ತುಂಬ ಘಾಟು.”

ನಲವತ್ತು ದಿನಗಳಲ್ಲಿ ನಾಲ್ಕು ವಾಕ್ಯಗಳು ಸಿದ್ಧಿಸಿದವು. ಹೆಜ್ಜೆಯಿಲ್ಲದೆ ಅವುಗಳಲ್ಲಿ ಒಂದೂ ಹೊರಡದೆಂಬ ರಹಸ್ಯವನ್ನು ಅವನು ಯಾರಿಗೂ ಹೇಳಲಿಲ್ಲ. ಚೆಲುವನಾದರೋ ವಿಮಾನದಲ್ಲಿ ಪಕ್ಕದವನಿಂದ ಒಂದೇ ಪದ ಕಲಿತನು. ‘ದ್ಯೆಕುಯಿ’, ಧನ್ಯವಾದ. ಇಳಿದವನೇ ಅದನ್ನು ಬಾಗಿಲಿಗೆ, ಬಸ್ಸಿಗೆ, ನಾಯಿಗೆ ಹೇಳುತ್ತ ನಡೆದನು. ಊರಿಗೆ ಊರೇ ಅವನನ್ನು ನೋಡಿ ನಕ್ಕಿತು, ಕೈ ಕುಲುಕಿತು. ತಪಸ್ಸಿನ ಫಲ ಯಾರಿಗೆ ಸಲ್ಲುತ್ತದೆಂಬುದನ್ನು ಕಾಳಿಂಗನು ಹಿಂದಿನ ಸಾಲಿನಲ್ಲಿ ಸೂಟ್‌ಕೇಸು ಎಳೆಯುತ್ತ ಧ್ಯಾನಿಸಿದನು.

ಆಟದ ದಿನದ ಬೆಳಿಗ್ಗೆ ಧರ್ಮಸಂಕಟವೊದಗಿತು. ತೆಂಗಿನಕಾಯಿ ಒಡೆಯದೆ ಗೊಂಬೆಯ ಪೆಟ್ಟಿಗೆ ತೆಗೆಯುವಂತಿಲ್ಲ. ಹೊನ್ನಗೆರೆಯಿಂದ ತಂದಿದ್ದ ಕಾಯಿಯನ್ನು ವಿಮಾನಕ್ಕೆ ಬಿಟ್ಟಿರಲಿಲ್ಲ.

“ಹೋಗಿ ತನ್ನಿ ಇಬ್ರೂ,” ಎಂದನು ದೊಡ್ಡಪ್ಪ. “ಕೈಸನ್ನೆ ಮಾಡಂಗಿಲ್ಲ. ಅವರ ಮಾತ್ನಲ್ಲಿ ಕೇಳ್ದೋನು ಯಾವನೋ ಅವನೇ ಇವತ್ತು ಕೋಡಂಗಿ ಆಡಿಸ್ತಾನೆ.”

ಗೆಜ್ಜೆಗಳು ಪೆಟ್ಟಿಗೆಯೊಳಗಿದ್ದವು.

ಬೀದಿಯ ತಿರುವಿನ ದಿನಸಿ ಅಂಗಡಿಯೇ ಕುರುಕ್ಷೇತ್ರವಾಯಿತು. ಗಲ್ಲಾದಲ್ಲಿ ದಪ್ಪ ಕನ್ನಡಕದ ಹೆಂಗಸು ಕುಳಿತಿದ್ದಳು. ಮುಂದೆ ಮೂರು ಜನರ ಸಾಲು. ಚೆಲುವನು ಒಳಗೆಲ್ಲೋ ಮಾಯವಾದನು. ಕಾಳಿಂಗನ ಸರದಿ ಬಂದಿತು. ಬಾಯಿ ತೆರೆದನು. ಮಾನ್ಯ ಮುಖ್ಯೋಪಾಧ್ಯಾಯರು ಕಣ್ಣ ಮುಂದೆ ಬಂದು ನಿಂತರು. ಅಂಗಡಿಯಲ್ಲಿ ಮೌನ ಕವಿಯಿತು. ಅವನು ಜೀವಮಾನವಿಡೀ ಪ್ರೀತಿಸಿದ್ದ ಮೌನವೇ ಈಗ ಅವನನ್ನು ಗುರುತಿಸದೆ ನಿಂತಿತ್ತು. ಹಿಂದಿದ್ದ ಮುದುಕಿ ಕೆಮ್ಮಿದಳು.

ಆಗ ಆ ಧೀರನು ಹೊಸ ಬೂಟಿನಿಂದ ಹೊಳೆಯುವ ನೆಲವನ್ನು ಒದೆದನು. ಒಂದು, ಎರಡು, ಮೂರು. ಮಾತು ಹೊರಟಿತು, ಹೊರಟದ್ದು ನಿಲ್ಲಲಿಲ್ಲ. ನಮಸ್ಕಾರ ಮಕ್ಕಳೇ. ನಾನು ಕೋಡಂಗಿ. ಬಹಳ ದೂರದಿಂದ ಬಂದಿದ್ದೇನೆ. ಈರುಳ್ಳಿ ಬುಟ್ಟಿಗೂ ಸಾಬೂನಿನ ಸಾಲಿಗೂ ನಡುವೆ ಗಿರಕಿ ಹೊಡೆದು, ನನ್ನ ಮಾತು ಕೇಳಿಸುತ್ತಿದೆಯೇ?

ಗಲ್ಲಾದ ಹೆಂಗಸು ಕನ್ನಡಕ ತೆಗೆದಳು. ಮುದುಕಿಯೇ ಮೊದಲು “ಅನೊ” ಎಂದಳು. ಹೌದು. ಆಮೇಲೆ ಗಲ್ಲಾದವಳೂ ಹಾಲಿನ ಡಬ್ಬಿ ಹಿಡಿದಿದ್ದ ಗಂಡಸೂ, ಎಂದೋ ಎಳೆಯರಾಗಿದ್ದಾಗ ಯಾವುದೋ ಗೊಂಬೆಗೆ ಉತ್ತರ ಕೊಡುತ್ತಿದ್ದಂತೆ, “ಅನೊ” ಎಂದರು.

ಚೆಲುವನು ಎಲ್ಲಿಂದಲೋ ಬಂದು ಗಲ್ಲಾದ ಮೇಲೆ ತೆಂಗಿನಕಾಯಿ ಇಟ್ಟು, ಜೇಬಿನಲ್ಲಿದ್ದ ಆಟದ ಕರಪತ್ರಗಳನ್ನು ಆ ಮೂವರ ಕೈಗೂ ತುರುಕಿ, “ದ್ಯೆಕುಯಿ” ಎಂದನು.

ದೊಡ್ಡಪ್ಪ ವಿಚಾರಣೆಗೆ ಕುಳಿತನು. “ಯಾರ್ ಕೇಳಿದ್ದು?”

“ನಾನ್ ಕೇಳ್ಲಿಲ್ಲ ಮಾವ, ಎತ್ಕಂಡೆ. ಕೇಳಿದ್ದು ಭಾವ. ಎಲ್ಲಾ ಕೇಳಿದ್ರು, ಕಾಯಿ ಒಂದನ್ನ ಬುಟ್ಟು.”

“ಯಾರಾರ ಉತ್ರ ಕೊಟ್ರಾ?”

“ಮೂರು ಜನ.”

ಮುದುಕನು ಕಾಯಿಯನ್ನು ತಿರುಗಿಸಿ ನೋಡಿದನು. ಅದಕ್ಕೆ ಜುಟ್ಟಿರಲಿಲ್ಲ, ಮನೆಯಲ್ಲಿ ಸುಲಭವಾಗಿ ಒಡೆಯಲೆಂದು ಸುತ್ತ ಗರಗಸದಿಂದ ಗೀರಿದ್ದರು. “ಬೋಳ್ಸಿ, ಅರ್ಧ ಕುಯ್ದೇ ಕೊಟ್ಟವ್ರೆ. ದೇವ್ರಿಗೆ ಅಂತ ಏನ್ ಉಳ್ಸವ್ರೆ ಇವರು,” ಎಂದು ಗೊಣಗಿ ಒಡೆದನು. ಪೆಟ್ಟಿಗೆ ತೆಗೆದು, ಕೋಡಂಗಿಯ ದಾರಗಳನ್ನು ಕಾಳಿಂಗನ ಬೆರಳಿಗೆ ಸಿಕ್ಕಿಸಿದನು.

ಸಭಾಂಗಣ ಮಕ್ಕಳಿಂದ ತುಂಬಿತ್ತು. ಗೆಜ್ಜೆಗಳು ನುಡಿದವು. ಅಪ್ಪನ ಕೋಡಂಗಿ ಮೂರು ವರ್ಷದ ನಿದ್ದೆಯಿಂದೆದ್ದು, ನಾಲ್ಕು ವಾಕ್ಯಗಳನ್ನೂ ಒಂದಕ್ಷರ ಜಾರದಂತೆ ನುಡಿದು, ಗಿರಕಿ ಹೊಡೆದು ಕೇಳಿತು: ನನ್ನ ಮಾತು ಕೇಳಿಸುತ್ತಿದೆಯೇ?

ಒಂದು ಮಗುವೂ ಉಸಿರೆತ್ತಲಿಲ್ಲ. ಆ ದಿನ ಗಡಿಯಾಚೆಯಿಂದ ಎರಡು ಬಸ್ಸುಗಳಲ್ಲಿ ಬಂದಿದ್ದ ಮಕ್ಕಳವು. ಅವುಗಳಿಗೆ ಬರುತ್ತಿದ್ದುದು ಜರ್ಮನ್ ಮಾತ್ರ. ಈ ಸಂಗತಿಯನ್ನು ಮೇಳಕ್ಕೆ ತಿಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಷ್ಟರಲ್ಲಿ ಕೊನೆಯ ಸಾಲಿನಿಂದ, ದಿನಸಿ ಚೀಲಗಳ ಸರಸರದ ನಡುವೆ, ಮುದಿಯಾದ ಒಂದು ದನಿ, “ಅನೊ.” ಹಿಂದೆಯೇ ಇನ್ನೊಂದು. ಮತ್ತೊಂದು.

ಕೋಡಂಗಿ ತಲೆ ಬಾಗಿಸಿತು. ಐದನೆಯ ವಾಕ್ಯ ಕರಿಪರದೆಯ ಹಿಂದಿದ್ದವನಿಗೆ ತಿಳಿದಿರಲಿಲ್ಲ.

ಮೃದಂಗದ ಹಿಂದಿನಿಂದ ಚೆಲುವ ಹೇಳಿದನು, “ದ್ಯೆಕುಯಿ.”

ಸಭೆ ಚಪ್ಪಾಳೆ ತಟ್ಟಿತು. ನಲವತ್ತು ದಿನಗಳ ಮಹಾಯುದ್ಧ ಅರ್ಧ ನಿಮಿಷದಲ್ಲಿ ಮುಗಿದು, ಕುದುರೆಯ ಗೊಂಬೆ ಬಂದಿತು. ಅದನ್ನೂ ಕಾಳಿಂಗನೇ ಆಡಿಸಬೇಕಿತ್ತು.